‘ಊಟ ಒಗ್ಗಲಿಲ್ಲ ಅಂತ ಕಾಣುತ್ತೆ ಅಕ್ಕ’

ದಕ್ಷಿಣ ಕೊಡಗಿನ ಒಂದು ಕಾಫಿ ತೋಟದ ಮನೆಯವರು. ಮೊದಲ ದಿನ ನನ್ನ ಹತ್ತಿರ ಆಪ್ತಸಲಹೆಗೆ ತಾಯಿ ಒಬ್ಬರೇ ಬಂದರು. ಮಗನಿಗೆ ಹದಿನೇಳು ವರ್ಷ, ಎರಡನೇ ಪಿಯುಸಿ. “ಮೂರು ವಾರ ಆಯ್ತು ಮೇಡಂ, ನಮ್ಮ ಜೊತೆ ಊಟಕ್ಕೆ ಕೂರಲ್ಲ. ತಟ್ಟೆ ತಗೊಂಡು ರೂಮಿಗೆ ಹೋಗ್ತಾನೆ” ಅಂದರು. ಅರ್ಧ ಗಂಟೆ ಓದು, ಮೊಬೈಲು, ಟ್ಯೂಷನ್ನು ಅಂತ ಮಾತಾಡಿದರು. ಆಮೇಲೆ ಇದ್ದಕ್ಕಿದ್ದಂತೆ ಅಡುಗೆಮನೆಯಲ್ಲಿರುವ ಒಂದು ಜೇನಿನ ಬಾಟಲಿಯ ವಿಷಯ ಎತ್ತಿದರು. “ಯಾರೋ ಪ್ರೀತಿಯಿಂದ ತಂದುಕೊಟ್ಟಿದ್ದು. ಮುಚ್ಚಳ ತೆಗೆಯೋಕೆ ಕೈ ಬರ್ತಿಲ್ಲ” ಅಂದು ಅತ್ತರು.

(ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಆಗಿದ್ದು ಇಷ್ಟು. ಸೆಪ್ಟೆಂಬರ್ ಮೊದಲ ವಾರ, ಕೈಲ್‌ಮುಹೂರ್ತದ ಹಬ್ಬ. ಬೆಳಿಗ್ಗೆ ಕೋವಿಗೆ ಪೂಜೆ, ಮಧ್ಯಾಹ್ನ ಕಡಂಬುಟ್ಟು (ಅಕ್ಕಿ ಕಡುಬು), ಪಂದಿಕರಿ (ಹಂದಿಮಾಂಸದ ಅಡುಗೆ), ಮನೆ ತುಂಬ ನೆಂಟರು. ಸಂಜೆ ಮಗನ ನಾಲ್ಕು ಜನ ಗೆಳೆಯರು ಬಂದರು. ಅಪ್ಪ ಮಿಲಿಟರಿಯಲ್ಲಿದ್ದು ನಿವೃತ್ತರಾದವರು. ಹುಡುಗರಿಗೆ ತಲಾ ಎರಡು ಬಿಯರ್ ಅವರೇ ಕೊಟ್ಟರು. ಹೊರಗೆ ಕದ್ದು ಕುಡಿದು ಬೈಕ್ ಹತ್ತುವುದಕ್ಕಿಂತ ನಮ್ಮ ಕಣ್ಣೆದುರೇ ಇರಲಿ ಅನ್ನುವುದು ಅವರ ಲೆಕ್ಕ. ಹುಡುಗರು ಕಾಫಿ ಕಣದ ಪಕ್ಕದ ಗೋಡೌನ್ ಜಗಲಿಗೆ ಹೋಗಿ ಕುಳಿತರು. ದೊಡ್ಡವರು ಒಳಗೆ ಉಳಿದರು. ಕಣ್ಣೆದುರು ಅನ್ನುವ ಮಾತು ಅಲ್ಲಿಗೇ ಮುಗಿಯಿತು. ಕಪಾಟಿನಲ್ಲಿದ್ದ ಮಿಲಿಟರಿ ಕ್ಯಾಂಟೀನ್ ರಮ್ ಯಾವಾಗ ಹೊರಗೆ ಹೋಯಿತು ಅಂತ ಯಾರಿಗೂ ಗೊತ್ತಾಗಲಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗ ಕಣದ ಮೇಲೆ ಬಿದ್ದಿದ್ದ. ಎಬ್ಬಿಸಿದರೆ ಏಳಲಿಲ್ಲ. ಮುಖಕ್ಕೆ ನೀರು ಹೊಡೆದರು, ನಿಂಬೆಹಣ್ಣಿನ ರಸ ಹಾಕಿದರು, ಬಾಯಿಗೆ ಕಪ್ಪು ಕಾಫಿ ಸುರಿದರು. ಇದರಲ್ಲೇ ನಲವತ್ತು ನಿಮಿಷ ಹೋಯಿತು. ಕೊನೆಗೆ ಜೀಪಿನಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ದರು. “ಏನಾದ್ರೂ ಕುಡಿದಿದ್ದಾನಾ?” ಅಂತ ಡಾಕ್ಟರು ಕೇಳಿದಾಗ ಅಪ್ಪ ಸುಮ್ಮನೆ ನಿಂತರು. ತಾಯಿ ಇಲ್ಲ ಅಂದರು. ವಾಸನೆಯೇ ಹೇಳುತ್ತಿತ್ತು, ಹಾಗಾಗಿ ಡಾಕ್ಟರು ಮೋಸ ಹೋಗಲಿಲ್ಲ. ಹುಡುಗ ಬೆಳಿಗ್ಗೆ ಎದ್ದು ಕುಳಿತ. ಅವನ ತಾಯಿಗೆ ಇವರು ಫೋನ್ ಮಾಡಿ, “ಊಟ ಒಗ್ಗಲಿಲ್ಲ ಅಂತ ಕಾಣುತ್ತೆ ಅಕ್ಕ, ಪಂದಿಕರಿ ಜಾಸ್ತಿ ಆಯ್ತೇನೋ” ಅಂದರು. ಐದೂ ಹುಡುಗರಿಗೆ ಅದೇ ಮಾತು ಹೇಳಿಕೊಟ್ಟರು. ವಾರ ಕಳೆದ ಮೇಲೆ ಆ ತಾಯಿ ಜೇನು ಹಿಡಿದುಕೊಂಡು ಬಂದರು. ನನ್ನ ಮಗನನ್ನು ಸ್ವಂತ ಮಗನ ಹಾಗೆ ನೋಡಿಕೊಂಡಿರಿ ಅಂತ ಕೈ ಹಿಡಿದು ಹೇಳಿ ಹೋದರು.

ಎರಡನೇ ಸಲ ಮಗ ಬಂದ. ಬಹಳ ಹೊತ್ತು ಕಿಟಕಿ ನೋಡಿಕೊಂಡಿದ್ದ. ಆಮೇಲೆ ಹೇಳಿದ: “ಅವನು ಸತ್ತೇಹೋದ ಅಂದ್ಕೊಂಡಿದ್ದೆ ಮೇಡಂ. ನಂಗೆ ಬೈತಾರೆ ಅಂತ ಕಾಯ್ತಿದ್ದೆ. ಅವ್ವ ಬೈಲಿಲ್ಲ, ಏನು ಹೇಳಬೇಕು ಅಂತ ಹೇಳಿಕೊಟ್ರು. ನಿನಗೋಸ್ಕರ ಅಂದ್ರು. ನನಗೋಸ್ಕರ ಅಲ್ಲ ಅದು.” ಇನ್ನೊಂದು ಮಾತನ್ನೂ ಸೇರಿಸಿದ: “ಇನ್ನು ಮೇಲೆ ಅವರು ನಂಗೆ ಏನು ಹೇಳೋಕಾಗುತ್ತೆ?”

ಈ ಪ್ರಕರಣದಲ್ಲಿ ನನಗೆ ಕಂಡ ಗಾಯ ಇದೇ. ಹುಡುಗನ ಕುಡಿತ ಇನ್ನೂ ಚಟದ ಹಂತಕ್ಕೆ ಹೋಗಿರಲಿಲ್ಲ. ತಪ್ಪು ಮಾಡಿದಾಗ ಅಪ್ಪ ಅವ್ವನ ಹತ್ತಿರ ಹೋಗಬಹುದು ಅನ್ನುವ ನಂಬಿಕೆ ಮಾತ್ರ ಹೊರಟುಹೋಗಿತ್ತು.

ಅಪ್ಪನನ್ನು ಕರೆಸಲು ಎರಡು ವಾರ ಹಿಡಿಯಿತು. ಬಂದವರೇ ಕೇಳಿದರು: “ಕೊಡಗಿನಲ್ಲಿ ಇದೇನು ಹೊಸದಾ?” ಹೊಸದಲ್ಲ. ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಎಡೆ ಇಡುವಾಗಲೂ ಮದ್ಯ ಇರುತ್ತದೆ. ಮದುವೆಮನೆಯಲ್ಲಿ ಇರುತ್ತದೆ. ಅದನ್ನು ಕೀಳಾಗಿ ನೋಡುವವಳು ನಾನಲ್ಲ. ಆದರೆ ಹಿರಿಯರ ಹೆಸರಲ್ಲಿ ಇಡುವ ಎಡೆಗೂ ಐದು ಹುಡುಗರ ಕೈಗೆ ಕೊಡುವ ಹತ್ತು ಬಾಟಲಿಗೂ ಸಂಬಂಧ ಇಲ್ಲ ಅಂತ ನೇರವಾಗಿಯೇ ಹೇಳಿದೆ. ಮನೆಯಲ್ಲೇ ಕೊಟ್ಟರೆ ಹದ ಕಲಿಯುತ್ತಾರೆ ಅನ್ನುವ ನಂಬಿಕೆ ಬಹಳ ಕಡೆ ಇದೆ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನು ಆರು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪ್ಪ ಅಮ್ಮ ಕೊಟ್ಟಿದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಸಿಕ್ಕಿದ್ದು ಕಾಣಲಿಲ್ಲ. ಮನೆಯಲ್ಲಿ ಮದ್ಯ ಸಿಗುವ ಮಕ್ಕಳು ಅದನ್ನು ಹೊರಗಿನಿಂದಲೂ ಪಡೆಯುವ ಸಾಧ್ಯತೆಯೇ ಜಾಸ್ತಿ ಇತ್ತು. ಕಾನೂನಿನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, 18 ತುಂಬದವರಿಗೆ ಮದ್ಯ ಕೊಟ್ಟರೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಕೊಟ್ಟವರು ಸ್ವಂತ ಅಪ್ಪ ಅಂತ ಅಲ್ಲಿ ವಿನಾಯಿತಿ ಇಲ್ಲ. ಅವರು ಮಾತು ನಿಲ್ಲಿಸಿದರು.

ನೀವು ಎಷ್ಟು ಕುಡಿಯುತ್ತೀರಿ ಅಂತ ಕೇಳಿದೆ. “ದಿನಾ ಎರಡು ಪೆಗ್, ಅಷ್ಟೇ.” ಮುಂದಿನ ಸಲ ದಿನವೂ ಬಳಸುವ ಗ್ಲಾಸನ್ನೇ ತರಲು ಹೇಳಿದೆ. ತಂದರು. ಮಗನೂ ಪಕ್ಕದಲ್ಲಿದ್ದ. ದಿನಾ ಹಾಕುವಷ್ಟೇ ನೀರು ಹಾಕಿ ಅಂದೆ. ಅಂದಾಜಿಗೆ ಕಣ್ಣಿಟ್ಟು, ಒಂದು ಬೆರಳು ಅಡ್ಡ ಹಿಡಿದು ಹಾಕಿದರು. ಆ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿದೆ. ತೊಂಬತ್ತು ಮಿಲಿ. ದೊಡ್ಡ ಪೆಗ್ ಅಂದರೂ ಅರವತ್ತೇ. ಎರಡು ಸಲಕ್ಕೆ ನೂರ ಎಂಬತ್ತು, ಅಂದರೆ ದಿನಕ್ಕೆ ಒಂದು ಕ್ವಾರ್ಟರ್. ಅಪ್ಪ ಅಳತೆ ಗ್ಲಾಸನ್ನು ಬೆಳಕಿಗೆ ಎತ್ತಿ ಹಿಡಿದು ಗೆರೆಯನ್ನು ಮತ್ತೊಮ್ಮೆ ನೋಡಿದರು. “ನಾನು ಸುಳ್ಳು ಹೇಳ್ತಿದ್ದೆ ಅಂತ ನಂಗೇ ಗೊತ್ತಿರಲಿಲ್ಲ” ಅಂದರು. ಮಗ ಅವತ್ತು ಮೊದಲ ಸಲ ಅಪ್ಪನ ಮುಖ ನೋಡಿದ.

ಇದಾದ ಮೇಲೆಯೇ ಸಲಹೆ ಕೊಡುವ ದಾರಿ ತೆರೆಯಿತು. ಮೊದಲ ಕೆಲಸ, ಆ ಹುಡುಗನ ಮನೆಗೆ ಹೋಗಿ ನಿಜ ಹೇಳುವುದು. ಫೋನಿನಲ್ಲಿ ಬೇಡ, ಗಂಡ ಹೆಂಡತಿ ಇಬ್ಬರೂ ಹೋಗಿ ಅಂದೆ. ಮಗನನ್ನು ಗುರಾಣಿ ಮಾಡಿಕೊಂಡು ಕರೆದೊಯ್ಯಬೇಡಿ. “ನಿಮ್ಮವನೂ ಕುಡಿದನಲ್ಲ” ಅನ್ನುವ ಮಾತು ಬಾಯಿಗೆ ಬರಬಾರದು. ಕೊಟ್ಟದ್ದು ನಾವು, ನೋಡಿಕೊಳ್ಳದೆ ಹೋದದ್ದು ನಾವು, ಡಾಕ್ಟರಿಗೂ ನಿಮಗೂ ಸುಳ್ಳು ಹೇಳಿದ್ದು ನಾವು, ಇಷ್ಟು ಹೇಳಿ ಸುಮ್ಮನಾಗಿ. ಕ್ಷಮಿಸಿ ಅಂತ ಒತ್ತಾಯ ಮಾಡಬೇಡಿ. ಕ್ಷಮಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ಹೊರಡುವ ಮೊದಲು ಮಗನನ್ನು ಕೂರಿಸಿ, “ನಿನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ದು ನಮ್ಮ ತಪ್ಪು” ಅಂತ ಹೇಳಿ ಹೋಗಬೇಕು. ತಾಯಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು.

ಅವತ್ತಿನ ನಲವತ್ತು ನಿಮಿಷದ ಬಗ್ಗೆಯೂ ಮಾತಾಡಿದೆವು. ಇದನ್ನು ಓದುವ ಪ್ರತಿಯೊಬ್ಬ ತಂದೆ ತಾಯಿಗೂ ಬೇಡಿಕೊಂಡು ಹೇಳುತ್ತೇನೆ. ಕುಡಿದು ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕಾಫಿಯಿಂದಾಗಲಿ ತಣ್ಣೀರಿನಿಂದಾಗಲಿ ಅಮಲು ಇಳಿಯುವುದಿಲ್ಲ. ಬಿದ್ದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಅದಕ್ಕೇ ಮಲಗಿದರೆ ಸರಿಹೋಗುತ್ತಾನೆ ಅಂತ ಬಿಡುವುದು ಅಪಾಯ. ಮಗ್ಗುಲಿಗೆ ಮಲಗಿಸಿ, ಒಬ್ಬರು ಪಕ್ಕದಲ್ಲೇ ಇದ್ದು ಉಸಿರಾಟ ನೋಡಿ, 108ಕ್ಕೆ ಕರೆ ಮಾಡಿ. ಡಾಕ್ಟರಿಗೆ ಏನು ಕುಡಿದ, ಎಷ್ಟು, ಯಾವಾಗ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ವಾಸನೆ ಎಲ್ಲ ಸಲವೂ ನಿಮ್ಮ ಸುಳ್ಳನ್ನು ತಿದ್ದುವುದಿಲ್ಲ.

ಮನೆಯ ನಿಯಮಗಳನ್ನು ಮೂವರೂ ಕೂತು ಬರೆದರು. ಕಪಾಟಿಗೆ ಬೀಗ. ಮಕ್ಕಳ ಗೆಳೆಯರು ಬಂದ ದಿನ ಯಾರ ಮಗನಿಗೂ ಒಂದು ಗುಟುಕು ಕೂಡ ಇಲ್ಲ. ಮಗ ಎಲ್ಲೇ ಇರಲಿ, ಎಷ್ಟು ಹೊತ್ತೇ ಆಗಲಿ, ಫೋನ್ ಮಾಡಿದರೆ ಅಪ್ಪ ಹೋಗಿ ಕರೆತರಬೇಕು, ಆ ರಾತ್ರಿ ಬೈಗುಳ ಇಲ್ಲ. ಈ ತಿರುವಿನ ರಸ್ತೆಗಳಲ್ಲಿ ಕುಡಿದವನ ಬೈಕಿನ ಹಿಂದೆ ಕೂರುವುದಕ್ಕಿಂತ ಅದು ಮೇಲು ಅಲ್ವಾ? ಹಾಗಾದ್ರೆ ಅಪ್ಪ ಆ ರಾತ್ರಿ ಕುಡಿದಿರಬಾರದು ಅಂತ ಮಗನೇ ಹೇಳಿದ.

ಅಪ್ಪನನ್ನು ಮನೋವೈದ್ಯರ ಹತ್ತಿರ ಕಳಿಸಿದೆ. ದಿನವೂ ಕುಡಿಯುವವರು ಹಟಕ್ಕೆ ಬಿದ್ದು ಒಂದೇ ದಿನಕ್ಕೆ ನಿಲ್ಲಿಸಿದರೆ ನಡುಕ, ಫಿಟ್ಸ್ ಬರುವುದುಂಟು. ಆಸ್ಪತ್ರೆ ದೂರ ಇರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಒಂದು ಭಾನುವಾರ ಗಂಡ ಹೆಂಡತಿ ಹೋಗಿ ಬಂದರು. ಆ ತಾಯಿ ಎಲ್ಲ ಕೇಳಿಸಿಕೊಂಡು ಎದ್ದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲವಂತೆ. “ಒಂದು ಲೋಟ ಕಾಫಿ ಕೂಡ ಕೊಡಲಿಲ್ಲ ಮೇಡಂ” ಅಂದರು. ಕೊಡಬೇಕಾಗಿರಲಿಲ್ಲ ಅಂತಲೂ ಅವರೇ ಅಂದರು.

ಪುತ್ತರಿ ಅನ್ನುವ ಸುಗ್ಗಿ ಹಬ್ಬಕ್ಕೆ ಎರಡು ದಿನ ಇರುವಾಗ ಆ ಹುಡುಗನ ತಾಯಿಯಿಂದ ಇವರಿಗೆ ಫೋನ್ ಬಂತು. “ನಿಮ್ಮಲ್ಲಿಗೆ ಬರ್ತೀನಿ ಅಂತ ಹಟ ಮಾಡ್ತಿದ್ದಾನೆ. ಅವತ್ತು ಹುಡುಗರ ಕೈಗೆ ಏನು ಸಿಗುತ್ತೆ, ನಿಜ ಹೇಳಿ.”

“ಕಪಾಟಿಗೆ ಬೀಗ ಹಾಕಿರುತ್ತೆ ಅಕ್ಕ, ಕೀ ನನ್ನ ಹತ್ರ. ಇವರೂ ಅವತ್ತು ಮುಟ್ಟಲ್ಲ, ಜೀಪು ಓಡಿಸಬೇಕಲ್ಲ.”

ಹುಡುಗನನ್ನು ಕಳಿಸಿದರು. ರಾತ್ರಿ ಒಂಬತ್ತಕ್ಕೆ ತಾವೇ ಬಂದು ಕರೆದುಕೊಂಡು ಹೋದರು.