ಬೀದಿಯಲ್ಲಿ ಬೆಳೆದ ಹುಡುಗರಿಗೆ ಯಾವ ಕಸುಬಿನ ತರಬೇತಿ ಕೊಟ್ಟರೆ ಒಳ್ಳೆಯದು?

ಬೈಕ್ ರಿಪೇರಿಯೋ, ಅಡುಗೆಯೋ, ಮರಗೆಲಸವೋ ಅಂತ ಕೇಳಿದ್ದೀರಿ. ದಾನಿಗಳ ದುಡ್ಡಿದೆ, 16ರಿಂದ 22 ವಯಸ್ಸಿನ 20 ಹುಡುಗರಿದ್ದಾರೆ, ಆರು ತಿಂಗಳ ಕೋರ್ಸು, ತಿಂಗಳ ಕೊನೆಗೆ ಸ್ಟೈಪೆಂಡ್, ಮುಗಿದ ದಿನ ಸರ್ಟಿಫಿಕೇಟಿನ ಜೊತೆ ಒಂದು ಟೂಲ್ ಕಿಟ್. ನಾವೂ ಹೆಚ್ಚುಕಡಿಮೆ ಇದೇ ಯೋಜನೆ ಇಟ್ಟುಕೊಂಡು ಹೊರಟವರೇ. ಕಸುಬು ಯಾವುದಾದರೂ ಆಗಲಿ, ಇಂಥ ಯೋಜನೆ ಕೆಡುವುದು ಬಟವಾಡೆಯ ದಿನದಲ್ಲಿ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಯಾರೂ ಹೇಳುವುದಿಲ್ಲ.

ಬೀದಿಯ ದುಡಿಮೆಯ ಲೆಕ್ಕ ಅವತ್ತಿನದು ಅವತ್ತಿಗೇ ಚುಕ್ತಾ. ಬೆಳಿಗ್ಗೆ ಆಯ್ದ ಪ್ಲಾಸ್ಟಿಕ್ಕು, ರಟ್ಟು ಸಂಜೆ ಗುಜರಿಯಲ್ಲಿ ತೂಕಕ್ಕೆ ಬಿದ್ದು ದುಡ್ಡಾಗುತ್ತದೆ. ಆ ದುಡ್ಡನ್ನು ಹುಡುಗ ರಾತ್ರಿಯೊಳಗೆ ಮುಗಿಸುತ್ತಾನೆ. ಉಳಿಸಿಕೊಂಡು ಮಲಗಿದರೆ ಬೆಳಿಗ್ಗೆ ಜೇಬಿನಲ್ಲಿ ಇರುವುದಿಲ್ಲ, ದೊಡ್ಡ ಹುಡುಗರು ಕಿತ್ತುಕೊಂಡಿರುತ್ತಾರೆ. ದುಂದು ಅಂತ ಬೈಯುವ ನಾವು ಆ ಫುಟ್‌ಪಾತಿನಲ್ಲಿ ಮಲಗಿದ್ದರೆ ಅದನ್ನೇ ಮಾಡುತ್ತಿದ್ದೆವು. ಇದರ ಮೇಲೆ ಸಾಲ ಬೇರೆ: ಗುಜರಿಯವನ ಹತ್ತಿರ ಮುಂಗಡ, ಮಲಗಲು ಜಾಗ ಕೊಡುವವನಿಗೆ ಬಾಕಿ. ಅಂಥವನಿಗೆ "30 ದಿನ ಬಾ, ಆಮೇಲೆ ಕೊಡುತ್ತೇವೆ" ಅಂದರೆ ಮೊದಲ ವಾರ ಊಟದ ಆಸೆಗೆ ಬರುತ್ತಾನೆ, ಎರಡನೇ ವಾರ ಮಧ್ಯಾಹ್ನಕ್ಕೇ ಎದ್ದು ಹೋಗುತ್ತಾನೆ, ಮೂರನೇ ವಾರ ಪತ್ತೆಯಿಲ್ಲ. ರಿಜಿಸ್ಟರಿನಲ್ಲಿ "ಆಸಕ್ತಿ ಇಲ್ಲ" ಅಂತ ಬರೆದು ಕೈ ತೊಳೆದುಕೊಳ್ಳುತ್ತೀರಿ. ಅವನಿಗಿದ್ದ ತಾಪತ್ರಯ ಸಾಲದ್ದು.

ಆದ್ದರಿಂದ ಮೊದಲ ಎರಡು ವಾರ ಪ್ರತಿ ಸಂಜೆ ಬಟವಾಡೆ ಮಾಡಿ. ಮೂರನೇ ವಾರದಿಂದ ವಾರಕ್ಕೆ ಎರಡು ಸಲ, ಎರಡನೇ ತಿಂಗಳಿಂದ ವಾರಕ್ಕೊಮ್ಮೆ, ನಾಲ್ಕನೇ ತಿಂಗಳಿಂದ ಹದಿನೈದು ದಿನಕ್ಕೊಮ್ಮೆ, ಕೊನೆಯ ತಿಂಗಳು ಮಾತ್ರ ತಿಂಗಳ ಲೆಕ್ಕ. ಸಂಬಳಕ್ಕೆ ಕಾಯುವುದೂ ಕಲಿಯಬೇಕಾದ ಕೆಲಸವೇ. ಅದನ್ನು ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದಷ್ಟೇ ನಿಧಾನವಾಗಿ ಕಲಿಸಬೇಕು. ಹಾಜರಿಯನ್ನು ದಿನಕ್ಕೆ ಒಂದಲ್ಲ, ಎರಡು ಹಾಕಿ, ಬೆಳಿಗ್ಗೆಯದು ಮತ್ತು ಮಧ್ಯಾಹ್ನದ್ದು, ಎರಡಕ್ಕೂ ಬೇರೆ ಬೇರೆ ದುಡ್ಡು. ಇಲ್ಲದಿದ್ದರೆ ಬೆಳಿಗ್ಗೆ ತಪ್ಪಿಸಿಕೊಂಡವನು ಇಡೀ ದಿನ ಬಿಡುತ್ತಾನೆ. ಮೊತ್ತ ಬೀದಿಯಲ್ಲಿ ಒಂದು ದಿನಕ್ಕೆ ಸಿಗುವುದರ ಅರ್ಧಕ್ಕಿಂತ ತುಸು ಮೇಲಿರಲಿ, ಮಿಕ್ಕಿದ್ದನ್ನು ಎರಡು ಹೊತ್ತಿನ ಊಟ, ಸ್ನಾನ, ಬಟ್ಟೆ ಒಗೆಯುವ ಜಾಗ ತುಂಬುತ್ತವೆ. ಪೂರ್ತಿ ಸಮ ಮಾಡಿದರೆ ಸ್ಟೈಪೆಂಡಿಗಾಗಿಯೇ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹಾರುವವರು ತಯಾರಾಗುತ್ತಾರೆ. ಮತ್ತೆ, ಪ್ರತಿಯೊಬ್ಬನಿಗೂ ಬೀಗವಿರುವ ಲಾಕರ್ ಕೊಡಿ, ಕೀಲಿ ಅವನ ಹತ್ತಿರವೇ ಇರಲಿ. ದುಡ್ಡು ಸುರಕ್ಷಿತವಾಗಿ ಇಡಲು ಜಾಗ ಸಿಕ್ಕಿದ ಮೇಲೆಯೇ ಉಳಿತಾಯದ ಪಾಠ.

ಕೈಗೆ ನಗದು ಕೊಟ್ಟರೆ ನಶೆಗೆ ಹಾಕುತ್ತಾರೆ ಅಂತ ನಿಮ್ಮ ದಾನಿಗಳು ಹೇಳಿಯೇ ಹೇಳುತ್ತಾರೆ. ಅವರಿಗೆ ಲೈಬೀರಿಯಾದ ಮನ್ರೋವಿಯಾದಲ್ಲಿ ನಡೆದ ಪ್ರಯೋಗವನ್ನು ತೋರಿಸಿ. ಕಳ್ಳತನ, ಹೊಡೆದಾಟದಲ್ಲಿ ತೊಡಗಿದ್ದ 999 ಗಂಡಸರನ್ನು ಆರಿಸಿಕೊಂಡು, ಚೀಟಿ ಎತ್ತಿದ ಹಾಗೆ ಕೆಲವರಿಗೆ ಎಂಟು ವಾರದ ಗುಂಪು ಥೆರಪಿ (ಆಪ್ತಸಮಾಲೋಚನೆ), ಕೆಲವರಿಗೆ 200 ಡಾಲರ್ ನಗದು, ಕೆಲವರಿಗೆ ಎರಡೂ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನಗದು ಬಹುಪಾಲು ಪೋಲಾಗಿರಲಿಲ್ಲ. ಆದರೆ ಬರೀ ನಗದಿನ ಪರಿಣಾಮ ಬೇಗ ಕರಗಿತು, ಥೆರಪಿಯ ಹಿಂದೆಯೇ ನಗದು ಸಿಕ್ಕವರಲ್ಲಿ ಅಪರಾಧ ಇಳಿದದ್ದು ಉಳಿಯಿತು. ಅಂದರೆ ನಿಮ್ಮ ಬಜೆಟ್ಟಿನಲ್ಲಿ ಆಪ್ತಸಮಾಲೋಚಕರ ಸಂಬಳ ಮೇಸ್ತ್ರಿಯ ಸಂಬಳದಷ್ಟೇ ಖಾಯಂ ಆಗಿ ಕೂರಬೇಕು.

ಈಗ ನೀವು ಕೇಳಿದ ಕಸುಬು. ಇಲ್ಲಿ ನಾನು ನೋಡುವುದು ಮಾರುಕಟ್ಟೆಗಿಂತ ಮೊದಲು ವಾಸನೆಯನ್ನು. ಪಂಕ್ಚರ್ ಸೊಲ್ಯೂಷನ್ನು, ಥಿನ್ನರ್ ಮೂಸುವ ಅಭ್ಯಾಸ ಬಿಟ್ಟು ಇನ್ನೂ ಆರು ತಿಂಗಳಾಗದ ಹುಡುಗನನ್ನು ಬೈಕ್ ಗ್ಯಾರೇಜಿಗೆ, ಪೇಂಟಿಂಗಿಗೆ, ಚಪ್ಪಲಿ ಕೆಲಸಕ್ಕೆ ಹಾಕಬೇಡಿ. ಅಲ್ಲಿ ಟಾಲ್ವೀನ್ (ಮೂಸಿದರೆ ನಶೆ ಏರಿಸುವ ದ್ರಾವಕ) ಇರುವ ಅಂಟು, ಥಿನ್ನರ್, ಪೆಟ್ರೋಲ್ ದಿನವಿಡೀ ಮೂಗಿನ ಕೆಳಗೇ ಇರುತ್ತವೆ. ಮರಗೆಲಸವನ್ನು ನೀರಿನ ಬೇಸಿನ ಬಿಳಿ ಅಂಟಿನಲ್ಲಿ ಮಾಡಿಸಬಹುದು, ಪಾಲಿಶ್ ಹಂತವನ್ನು ಕೊನೆಗೆ ತಳ್ಳಬಹುದು. ಅಡುಗೆ, ಬೇಕರಿ, ಹೊಲಿಗೆ, ವೈರಿಂಗ್ ಇವು ಅಂಥವನಿಗೆ ಸುರಕ್ಷಿತ. ಅಡುಗೆಗೆ ಇನ್ನೊಂದು ಲಾಭ, ಅಭ್ಯಾಸಕ್ಕೆ ಮಾಡಿದ್ದೇ ಆ ದಿನದ ಊಟ. ಹುಣ್ಣು, ಕಜ್ಜಿ ಇದ್ದವನಿಗೆ ಮೊದಲು ಚಿಕಿತ್ಸೆ, ಆಮೇಲೆ ಅಡುಗೆಮನೆ.

18 ತುಂಬದವರನ್ನು ವೆಲ್ಡಿಂಗ್ ಕಡೆಗೂ ತಿರುಗುವ ಗರಗಸದ ಕಡೆಗೂ ಬಿಡಲೇಬೇಡಿ. ಅಪಾಯದ ಕೆಲಸಕ್ಕೆ 18 ಕನಿಷ್ಠ ವಯಸ್ಸು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1973ರ 138ನೇ ಒಪ್ಪಂದದಲ್ಲೇ ಇಟ್ಟಿದೆ. ಇಲ್ಲಿನ ತೊಡಕು ಏನೆಂದರೆ, ಎಷ್ಟೋ ಹುಡುಗರ ಹತ್ತಿರ ವಯಸ್ಸಿಗೆ ದಾಖಲೆಯೇ ಇರುವುದಿಲ್ಲ. ಗುರುತಿನ ಕಾಗದದ ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಿಸಿ. ಕೋರ್ಸು ಮುಗಿದ ಮೇಲೆ ಹಾಕಿದರೆ ಕಾಗದ ಬರುವವರೆಗೆ ಹುಡುಗ ಕಾಯುವುದಿಲ್ಲ, ಕಾಗದ ಇಲ್ಲದೆ ಬ್ಯಾಂಕ್ ಖಾತೆಯಾಗುವುದೂ ಕಷ್ಟ.

20 ಜನರನ್ನು ಒಟ್ಟಿಗೆ ಕೂರಿಸಬೇಡಿ, ಹತ್ತರ ಎರಡು ಬ್ಯಾಚ್ ಮಾಡಿ. ಒಬ್ಬ ಮೇಸ್ತ್ರಿಗೆ ಹತ್ತೇ ಹೆಚ್ಚು. ತರಗತಿ ಹತ್ತೂವರೆಗೆ ಶುರುವಾಗಲಿ. ರಾತ್ರಿ ಎಚ್ಚರವಿದ್ದು ಬೆಳಕು ಹರಿದ ಮೇಲೆ ಕಣ್ಣು ಮುಚ್ಚುವವರಿಗೆ ಎಂಟು ಗಂಟೆ ಅಂದರೆ ನಡುರಾತ್ರಿ. ಓದುಬರಹಕ್ಕೆ ಬೇರೆ ಪೀರಿಯಡ್ ಇಟ್ಟರೆ ಶಾಲೆ ಬಿಟ್ಟವರು ಅದನ್ನೂ ಬಿಡುತ್ತಾರೆ. ಅಳತೆ ಟೇಪು, ಗಿರಾಕಿಯ ಬಿಲ್ಲು, ಸಾಮಾನಿನ ಪಟ್ಟಿ ಇವುಗಳಲ್ಲೇ ಅಕ್ಷರ, ಲೆಕ್ಕ ಎರಡೂ ನಡೆದುಹೋಗುತ್ತವೆ. ಮೂರು ದಿನ ಬಾರದವನ ಹೆಸರು ಹೊಡೆಯಬೇಡಿ, ಅವನು ಮಲಗುವ ಜಾಗಕ್ಕೆ ಯಾರಾದರೂ ಹೋಗಿ ಬರಲಿ. ಹುಡುಗಿಯರನ್ನೂ ಸೇರಿಸಿಕೊಳ್ಳುವುದಾದರೆ ಕತ್ತಲಾಗುವ ಮೊದಲೇ ಮುಗಿಸಿ, ಕೂಸಿರುವವಳು ತರಗತಿಯಲ್ಲಿರುವಾಗ ಅದನ್ನು ಬಿಡಲು ಒಂದು ಕೋಣೆ ಮಾಡಿ.

ಟೂಲ್ ಕಿಟ್ಟನ್ನು ಕೊನೆಯ ದಿನ ಕೊಡುವ ಸಮಾರಂಭ ಫೋಟೋಗೆ ಚೆನ್ನ. ಅದೇ ವಾರ ಅದು ಗುಜರಿಯಲ್ಲಿರುತ್ತದೆ. ಎರಡನೇ ತಿಂಗಳಲ್ಲಿ ಟೇಪು ಮತ್ತು ಕಟಿಂಗ್ ಪ್ಲೇಯರ್, ನಾಲ್ಕನೇ ತಿಂಗಳಲ್ಲಿ ಸ್ಕ್ರೂಡ್ರೈವರ್ ಸೆಟ್ಟು, ಹೀಗೆ ಕೈ ಪಳಗಿದಂತೆ ಒಂದೊಂದೇ ಕೊಡಿ, ಪ್ರತಿಯೊಂದರ ಮೇಲೂ ಅವನ ಹೆಸರು ಕೊರೆಸಿ. ದುಬಾರಿ ಉಪಕರಣ ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೆ.

ಬಟವಾಡೆಯ ತಾಪತ್ರಯ ಮತ್ತೆ ತಲೆ ಎತ್ತುವುದು ಕೆಲಸ ಸಿಕ್ಕ ಮೊದಲ ತಿಂಗಳಲ್ಲಿ. ನಿಮ್ಮ ಸ್ಟೈಪೆಂಡ್ ನಿಂತಿರುತ್ತದೆ, ಮಾಲೀಕ ಸಂಬಳ ಕೊಡುವುದು 30 ದಿನದ ಮೇಲೆ, ಬಸ್ಸಿಗೂ ಬಾಡಿಗೆಗೂ ಕೈಯಲ್ಲಿ ಕಾಸಿಲ್ಲ. ಕಲಿತ ಹುಡುಗ ಎರಡನೇ ವಾರ ಮಾಯವಾಗುವುದು ಇಲ್ಲೇ. ಮೊದಲ ಎರಡು ತಿಂಗಳು ವಾರದ ಬಟವಾಡೆಗೆ ಮಾಲೀಕನನ್ನು ಒಪ್ಪಿಸಿ. ಒಪ್ಪದಿದ್ದರೆ ನೀವೇ ವಾರ ವಾರ ಮುಂಗಡ ಕೊಟ್ಟು ಮುಂದಿನ ನಾಲ್ಕು ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳಿ. ಮೂರನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ ಕೆಲಸದ ಜಾಗಕ್ಕೆ ಹೋಗಿ ಬನ್ನಿ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಇದಕ್ಕೆಲ್ಲ ಒಟ್ಟು ಹಣದ ಹತ್ತರಲ್ಲಿ ಮೂರು ಪಾಲು ಈಗಲೇ ತೆಗೆದಿಡಿ, ಮತ್ತು ದಾನಿಗಳಿಗೆ ಕಳಿಸುವ ವರದಿಯಲ್ಲಿ ಸರ್ಟಿಫಿಕೇಟಿನ ಸಂಖ್ಯೆಯ ಜಾಗದಲ್ಲಿ ಆರನೇ ತಿಂಗಳಲ್ಲೂ ಕೆಲಸದಲ್ಲಿರುವವರ ಸಂಖ್ಯೆ ಹಾಕುತ್ತೇವೆ ಅಂತ ಒಪ್ಪಂದದಲ್ಲೇ ಬರೆಸಿ. ಆ ಸಂಖ್ಯೆ ಚಿಕ್ಕದಿರುತ್ತದೆ, ಅದನ್ನೂ ಅವರಿಗೆ ಮೊದಲೇ ಹೇಳಿಡಿ.