ಡಯಟ್ ಚಾರ್ಟ್ ಕೊಡುವುದಿಲ್ಲ

ಸಕಲೇಶಪುರದ ತಾಯಿಯೊಬ್ಬರು ಬರೆದಿದ್ದಾರೆ: ದ್ವಿತೀಯ ಪಿಯುಸಿ ಮಗಳಿಗೆ ಪರೀಕ್ಷೆ ಅಂದರೆ ಎದೆ ಡವಡವ, ನಿದ್ದೆಯಿಲ್ಲ. ಜಿಮ್ಮಿನ ಯಂತ್ರ ‘ಕೊಬ್ಬು ಶೇ 31’ ಎಂದಿದ್ದೇ ತಡ, ಮುದ್ದೆ, ಅಕ್ಕಿ ರೊಟ್ಟಿ ಎರಡನ್ನೂ ಬಿಟ್ಟಿದ್ದಾಳೆ. ತೂಕವೂ ಇಳಿಯಬೇಕು, ಸುಸ್ತೂ ಆಗಬಾರದು, ಅಂಥ ಡಯಟ್ ಚಾರ್ಟ್ ಪ್ರಕಟಿಸಿ ಎಂದು ಕೋರಿಕೆ.

ಕೊಡುವುದಿಲ್ಲ ತಾಯೀ, ಬೇಸರ ಮಾಡಿಕೊಳ್ಳಬೇಡಿ. ಸಕ್ಕರೆ ಕಾಯಿಲೆಯ ಈ ಕಾಲದಲ್ಲಿ ಬೊಜ್ಜಿನ ಮೇಲೆ ಕಣ್ಣಿರಬೇಕು, ಒಪ್ಪಿದೆ. ಸಕ್ಕರೆ ಕಾಯಿಲೆಯ ಸಂಶೋಧಕರಾದ ಪುಣೆಯ ಡಾ. ಯಾಜ್ನಿಕ್, ಲಂಡನ್ನಿನ ಡಾ. ಯುಡ್ಕಿನ್ ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಕೊಬ್ಬು ಮಾತ್ರ ನಮ್ಮವರದು ಶೇ 21.2, ಅವರದು 9.1. 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಇಬ್ಬರ ಫೋಟೊ ಸಮೇತ ಪ್ರಕಟಿಸಿತ್ತು. ಆದರೆ ಅದು ಎಕ್ಸ್‌ರೇ ಸ್ಕ್ಯಾನಿನ ಲೆಕ್ಕ. ಜಿಮ್ಮಿನ ಯಂತ್ರ ಕೊಬ್ಬನ್ನು ಅಳೆಯುವುದೇ ಇಲ್ಲ. ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ, ಎಷ್ಟು ತಡೆಯಾಯಿತು ಎಂದು ನೋಡಿ, ಉಳಿದದ್ದನ್ನು ಸೂತ್ರದಿಂದ ಅಂದಾಜು ಮಾಡುತ್ತದೆ. ನೀರು ಕಡಿಮೆ ಕುಡಿದ ದಿನ ತಡೆ ಹೆಚ್ಚು, ‘ಕೊಬ್ಬು’ ಹೆಚ್ಚು. ಬರಿಗಾಲಲ್ಲಿ ನಿಲ್ಲುವ ಯಂತ್ರಕ್ಕಂತೂ ಸೊಂಟದ ಮೇಲಿನದು ಸರಿಯಾಗಿ ತಿಳಿಯದು. ಆ ಚೀಟಿ ನಂಬಿ ಹುಡುಗಿ ಊಟ ಬಿಟ್ಟಳಲ್ಲ!

ನೀವು ಮೊದಲ ಸಾಲಲ್ಲಿ ಬರೆದು ಮುಂದೆ ಸಾಗಿದ ಎದೆ ಡವಡವವೇ ಇಲ್ಲಿ ಮುಖ್ಯ. ಊಟದ ಕಾಯಿಲೆಯಿದ್ದ (ಊಟ ಬಿಡುವ, ಇಲ್ಲವೇ ಉಂಡು ವಾಂತಿ ಮಾಡುವಂಥ) 672 ಜನರನ್ನು ಪರಿಶೀಲಿಸಿದ 2004ರ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಆತಂಕದ ಕಾಯಿಲೆಯೂ ಇತ್ತು, ಬಹುತೇಕರಿಗೆ ಅದು ಮೊದಲೇ, ಚಿಕ್ಕಂದಿನಲ್ಲೇ ಶುರುವಾಗಿತ್ತು. ತಿರುಗಾಮುರುಗಾ ಕೂಡ ನಿಜ, ಊಟ ಬಿಟ್ಟರೆ ಕಳವಳ ಹುಟ್ಟುತ್ತದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆರೋಗ್ಯವಂತರಾದ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ತೂಕ ಕಾಲುಭಾಗ ಇಳಿಯಿತು, ಜೊತೆಗೆ ಸಿಡುಕು, ಮಂಕು, ಕಳವಳ. ಅಡುಗೆ ಪುಸ್ತಕ ಹಿಡಿದು ಕೂರುತ್ತಿದ್ದರಂತೆ. ಮತ್ತೆ ಹೊಟ್ಟೆತುಂಬ ಉಂಡಾಗ ಮೊದಲು ಬಂದು ಕೂತದ್ದು ಕೊಬ್ಬು, ಸ್ನಾಯು ಆಮೇಲೆ!

ಈಗ ಮಾಡಬೇಕಾದ್ದು: ತೂಕದ ಯಂತ್ರ ಅಟ್ಟಕ್ಕೆ. ಮೂರು ಊಟ, ನಡುವೆ ಎರಡು ಸಲ ತಿಂಡಿ, ಮೂರು ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಹೊಟ್ಟೆ ಬೇಡ. ಸಣ್ಣ ಮುದ್ದೆ, ಅವರೆಕಾಳಿನ ಸಾರು, ಮಜ್ಜಿಗೆ ಸಾಕು, ಜೊತೆಯಲ್ಲಿ ನೀವೂ ಕೂತು ಉಣ್ಣಿ. ಬಲವಂತ ಮಾಡಬೇಡಿ, ‘ಸಣ್ಣಗಾದೆ’ ಎಂದು ಹೊಗಳಲೂಬೇಡಿ. ಬರಿಹೊಟ್ಟೆಗೆ ಕಾಫಿ ಬೇಡ (ಕಾಫಿ ಸೀಮೆಯಲ್ಲಿ ಕೂತು ಇದನ್ನು ಬರೆಯುವ ಧೈರ್ಯ ನೋಡಿ), ಡವಡವ ಹೆಚ್ಚುತ್ತದೆ. ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ಪರೀಕ್ಷೆ ಮಾಡಿಸಿ, ಎದೆಬಡಿತಕ್ಕೆ ಅವೂ ಕಾರಣವಾಗುತ್ತವೆ. ಮುಟ್ಟು ನಿಂತರೆ, ಎದ್ದಾಗ ಕಣ್ಣು ಕತ್ತಲೆ ಬಂದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದರೆ ಕಾಯಬೇಡಿ. ವಾಂತಿಯಿಂದ ಪೊಟ್ಯಾಶಿಯಂ ಇಳಿದು ಹೃದಯದ ಲಯವೇ ತಪ್ಪುತ್ತದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅದಕ್ಕೂ ಮೊದಲು ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಮಗಳೊಬ್ಬಳದೇ ತಪ್ಪೇ? ಮದುವೆ ಛತ್ರದಲ್ಲಿ ಕುಶಲ ಕೇಳುವ ಮೊದಲು ‘ಏನೇ ಊದಿಕೊಂಡಿದ್ದೀಯ’ ಅನ್ನುವವರು ನಾವೇ. ಕಾಲೇಜಿನವರು ಅಂಕವನ್ನು ಫ್ಲೆಕ್ಸಿಗೆ ಹಾಕುತ್ತಾರೆ, ಜಿಮ್ಮಿನವರು ಕೊಬ್ಬಿನ ಶೇಕಡ ಹೇಳಿ ಪುಡಿಯ ಡಬ್ಬಿ ಮಾರುತ್ತಾರೆ. ‘ವಾರಕ್ಕೆ ಐದು ಕೆಜಿ ಇಳಿಸಿ’ ಎಂಬ ಜಾಹೀರಾತು ಈ ಪತ್ರಿಕೆಗೂ ಬರುತ್ತದೆ. ಹಾಕುವುದಿಲ್ಲ.