ಓದುಗರ ಪ್ರಶ್ನೆ: ಕನ್ವರ್ಟಿಬಲ್ ಕೊಳ್ಳುವ ಮುನ್ನ

ಪ್ರಶ್ನೆ: ಛಾವಣಿ ಮಡಿಸಿ ಓಡಿಸುವ ಹಳೆಯ ಅಮೆರಿಕನ್ ಕನ್ವರ್ಟಿಬಲ್ ಕಾರುಗಳಿಗೆ ಇಂದಿಗೂ ಇಷ್ಟು ಬೇಡಿಕೆ ಯಾಕೆ?

ಉತ್ತರ: ಟಾಪ್, ಅಂದರೆ ಮಡಿಸುವ ಛಾವಣಿ, ಇಳಿಸಿ ನಾಲ್ಕೂ ಗಾಜು ಕೆಳಗಿಳಿಸಿದರೆ ಬಾಗಿಲ ಗಾಜಿನ ಹಿಂದೆ ಕಂಬವೇ ಇರುವುದಿಲ್ಲ. ಉದ್ದನೆಯ ಬಾನೆಟ್, ಎರಡೂ ಕಡೆ ಬಯಲು, ಹಿಂದಿನಿಂದ ಎಂಟು ಸಿಲಿಂಡರ್‌ಗಳ ವಿ8 ಎಂಜಿನ್‌ನ ಗುಡುಗು. ಮುಚ್ಚಿದ ಕಾರಿನಲ್ಲಿ ಈ ಸುಖ ಸಿಗದು. ಜೊತೆಗೆ ಇವು ಮತ್ತೆ ಬರುವುದಿಲ್ಲವೆಂಬ ಭಾವನೆ. 8.2 ಲೀಟರ್ ಎಂಜಿನ್‌ನ 1976ರ ಕ್ಯಾಡಿಲಾಕ್ ಎಲ್ಡೊರಾಡೊವನ್ನು ಕೊನೆಯ ಅಮೆರಿಕನ್ ಕನ್ವರ್ಟಿಬಲ್ ಎಂದೇ ಮಾರಿದರು. ಬೆಲೆ ಏರುತ್ತದೆಂದು ಅನೇಕರು ಕೊಂಡು ಮುಚ್ಚಿಟ್ಟರು. 1982ಕ್ಕೆ ಕ್ರೈಸ್ಲರ್ ಲೆಬ್ಯಾರನ್ ಕನ್ವರ್ಟಿಬಲ್ ಬಂದೇ ಬಿಟ್ಟಿತು. ಹಾಗಾಗಿ ಬೆಲೆ ಏರುತ್ತದೆಂದಲ್ಲ, ಓಡಿಸುವ ಆಸೆಯಿದ್ದರೆ ಮಾತ್ರ ಕೊಳ್ಳಿ.

ಪ್ರಶ್ನೆ: 1966ರ ಫೋರ್ಡ್ ಮಸ್ಟ್ಯಾಂಗ್ ಕನ್ವರ್ಟಿಬಲ್ ನೋಡಿದ್ದೇವೆ. ಎಂಜಿನ್ ಚೆನ್ನಾಗಿದೆ, ಬಣ್ಣ ಹೊಸದು. ಇನ್ನೇನು ನೋಡಬೇಕು? (ಸ್ಯಾನ್ ಹೋಸೆಯ ಓದುಗರು)

ಉತ್ತರ: ಎಂಜಿನ್ ಕೊನೆಗೆ ನೋಡಿ, ಅದರ ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಈ ಕಾರಿಗೆ ಬೇರೆ ಚಾಸಿ (ತಳದ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಮೇಲೆ ಗಟ್ಟಿ ಛಾವಣಿ ಇಲ್ಲದ್ದರಿಂದ ಫೋರ್ಡ್‌ನವರು ಬಾಗಿಲ ಕೆಳಗಿನ ಉದ್ದನೆಯ ಪಟ್ಟಿಯಾದ ರಾಕರ್‌ಗೆ ಒಳಗಿನಿಂದ ದಪ್ಪ ತಗಡು, ಮುಂದೆ ಎರಡೂ ಬದಿಗೆ ಬಾಡಿ ತಿರುಚದಂತೆ ತಡೆಯುವ ತಗಡಿನ ಪೆಟ್ಟಿಗೆ, ಅಂದರೆ ಟಾರ್ಕ್ ಬಾಕ್ಸ್ ಕೊಟ್ಟರು. ತುಕ್ಕು ಹಿಡಿಯುವುದೂ ಅಲ್ಲೇ.

ಮುಂದಿನ ಗಾಜಿನ ಬುಡದಲ್ಲಿರುವ ಗಾಳಿ ಕಿಂಡಿಗೆ ನಿಧಾನವಾಗಿ ಒಂದು ಬಕೆಟ್ ನೀರು ಹೊಯ್ಯಿರಿ. ಮೊದಲೇ ಕಾರ್ಪೆಟ್ ಎತ್ತಿರಲಿ. ಕಾಲಿಡುವ ಜಾಗದಲ್ಲಿ ನೀರು ತೊಟ್ಟಿಕ್ಕಿದರೆ ಆ ಕಿಂಡಿಯ ಕೆಳಗಿರುವ ತಗಡಿನ ತೊಟ್ಟಿ, ಅಂದರೆ ಕೌಲ್, ತೂತಾಗಿದೆ ಎಂದರ್ಥ. ಅದನ್ನು ಬಿಚ್ಚಲು ಹತ್ತಾರು ಸ್ಪಾಟ್ ವೆಲ್ಡ್ (ಚುಕ್ಕಿ ಬೆಸುಗೆ) ಕೊರೆಯಬೇಕು. ತಗಡಿಗಿಂತ ಕೂಲಿಯೇ ದುಬಾರಿ.

ಬಳಿಕ ಬಾಗಿಲ ಹಿಂಬದಿಯ ಸಂದು ನೋಡಿ. ಮೇಲೆ ಕಿರಿದು, ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಜೋತಿದೆ. ಮುಂದಿನ ಒಂದು ಮೂಲೆಯನ್ನು ಜಾಕ್‌ನಿಂದ ಎತ್ತಿ ಬಾಗಿಲು ತೆರೆದು ಮುಚ್ಚಿ ನೋಡಿ. ಬಿಗಿಯಾದರೆ ಆ ಕಾರನ್ನೇ ಬಿಟ್ಟುಬಿಡಿ, ಇಲ್ಲವೇ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ರಿಪೇರಿಗೆ ತುಕ್ಕು ಹಿಡಿದ ರಾಕರ್ ಕತ್ತರಿಸುವ ಮೊದಲು ಬಾಗಿಲ ಮುಂದಿನ ಹಿಂಜ್ ಕಂಬದಿಂದ ಹಿಂದಿನ ಲಾಕ್ ಕಂಬಕ್ಕೆ ಎರಡೂ ಬದಿ ಕಬ್ಬಿಣದ ಚೌಕ ಪೈಪ್ ವೆಲ್ಡ್ ಮಾಡಿಸಲೇಬೇಕು. ಮಾಡಿಸದಿದ್ದರೆ ಬಾಡಿ ಸೊಟ್ಟಗಾಗಿಯೇ ಬೆಸೆದುಕೊಳ್ಳುತ್ತದೆ, ಆಮೇಲೆ ಬಾಗಿಲು ಕೂರುವುದೇ ಇಲ್ಲ.

ಪ್ರಶ್ನೆ: ಅದೇ ಕಾರಿನ ಪವರ್ ಟಾಪ್ (ಮೋಟಾರಿನಿಂದ ಏಳುವ ಛಾವಣಿ) ಒಂದು ಬದಿ ಬೇಗ, ಇನ್ನೊಂದು ಬದಿ ತಡವಾಗಿ ಏಳುತ್ತದೆ.

ಉತ್ತರ: ಎಣ್ಣೆಯ ಒತ್ತಡದಿಂದ ಟಾಪ್ ಎತ್ತುವ ಎರಡು ಹೈಡ್ರಾಲಿಕ್ ಸಿಲಿಂಡರ್‌ಗಳಲ್ಲಿ ಒಂದು ಸೋರುತ್ತಿರಬಹುದು. ರಾಡ್ ಹೊರಬರುವಲ್ಲಿ ಬೆರಳಾಡಿಸಿ, ಎಣ್ಣೆ ಹತ್ತಿದರೆ ಜೋಡಿಯಾಗಿಯೇ ಬದಲಿಸಿ. ಒಂದನ್ನೇ ಹಾಕಿದರೆ ಎಳೆತ ಸಮವಾಗದೆ ಟಾಪ್‌ನ ಚೌಕಟ್ಟು ತಿರುಚಿಕೊಳ್ಳುವ ಅಪಾಯವಿದೆ. ಎಣ್ಣೆ ಟೈಪ್ ಎಫ್ ಟ್ರಾನ್ಸ್‌ಮಿಷನ್ ಆಯಿಲ್. 1950ರ ದಶಕದ ಹಲವು ಕಾರುಗಳಲ್ಲಿ ಟಾಪ್‌ಗೆ ಬ್ರೇಕ್ ಆಯಿಲ್ ಬಳಸುತ್ತಿದ್ದರು. ಎರಡನ್ನೂ ಬೆರೆಸಿದರೆ ಸೀಲ್‌ಗಳು ಹಾಳು. ಎಣ್ಣೆಯ ಮಟ್ಟವನ್ನು ಟಾಪ್ ಇಳಿಸಿಯೇ ನೋಡಿ. ಎಬ್ಬಿಸಿದಾಗ ತುಂಬಿಸಿದರೆ, ಇಳಿಸುವಾಗ ರಾಡ್ ಒಳಗೆ ಹೋದಷ್ಟು ಎಣ್ಣೆ ಹಿಂದಿರುಗಿ ಟ್ಯಾಂಕ್ ಉಕ್ಕುತ್ತದೆ. ಗಾಳಿ ಹೋಗುವವರೆಗೆ ನಾಲ್ಕೈದು ಸಲ ಏರಿಸಿ ಇಳಿಸಿ, ಎಂಜಿನ್ ಚಾಲೂ ಇರಲಿ. ಟಾಪ್ ನಿಂತ ಮೇಲೂ ಸ್ವಿಚ್ ಒತ್ತಿಹಿಡಿದರೆ ಮೋಟಾರ್ ಸುಡುತ್ತದೆ. ಹಿಂಬದಿಯ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿಯೇ ಮಡಿಸಿ, ಒದ್ದೆ ಟಾಪನ್ನು ಮಡಿಸಬೇಡಿ.